ಖಾಲಿ ಬೀದಿಯನ್ನು ಚಿತ್ರಿಸುವಾಗ ನೆರಳಿನಿಂದ ಆರಂಭಿಸಿ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯನ್ನು ಜಲವರ್ಣದಲ್ಲಿ ಚಿತ್ರಿಸಹೊರಡುವ ಹೊಸಬರು, ಏಕಾಂತ ಬೇಕೆಂದಾಗ ಜನರನ್ನು ಕೈಬಿಟ್ಟು ಬರೀ ಕಟ್ಟಡಗಳನ್ನು ಬರೆಯುತ್ತಾರೆ. ಅಂತಹ ಬೀದಿ ಬರಿದಾಗಿ ಕಾಣುತ್ತದೆಯೇ ಹೊರತು ಒಂಟಿಯಾಗಿ ಕಾಣುವುದಿಲ್ಲ. ಅಮೆರಿಕದ ಎಡ್ವರ್ಡ್ ಹಾಪರ್ 1930ರಲ್ಲಿ ಬರೆದ ‘ಅರ್ಲಿ ಸಂಡೇ ಮಾರ್ನಿಂಗ್’ ಚಿತ್ರದ ಬೀದಿಯಲ್ಲಿಯೂ ಒಬ್ಬರೂ ಇಲ್ಲ. ಆದರೆ ಕ್ಷೌರದಂಗಡಿಯ ಕಂಬ ಮತ್ತು ಬೆಂಕಿ ನಂದಿಸುವ ನೀರಿನ ನಲ್ಲಿ, ಎರಡೂ ಕಾಲುದಾರಿಯ ಮೇಲೆ ಉದ್ದುದ್ದ ನೆರಳು ಚೆಲ್ಲಿ ನಿಂತಿವೆ. ಒಂಟಿತನವೆಲ್ಲ ಆ ನೆರಳುಗಳಲ್ಲಿದೆ.

ಹಾಗಾಗಿ ಮೊದಲು ಹೊತ್ತನ್ನು ಆರಿಸಿಕೊಳ್ಳಿ. ಜನವರಿಯ ಭಾನುವಾರ, ಅಂಗಡಿಗಳ ಷಟರ್ ಮೇಲೇಳುವ ಮುನ್ನ, ಎಂಟೂಕಾಲರ ಸುಮಾರಿಗೆ ನಮ್ಮೂರಿನಲ್ಲಿ ನಿಂತ ಮನುಷ್ಯನ ನೆರಳು ಅವನ ಎತ್ತರದ ಮೂರು ಪಟ್ಟು ಇರುತ್ತದೆ. ಏಪ್ರಿಲ್ ಕೊನೆಯ ನಡುಹಗಲಿನಲ್ಲಾದರೆ ಸೂರ್ಯ ನೆತ್ತಿಯ ಮೇಲಿದ್ದು ಅದೇ ನೆರಳು ಕಾಲಡಿಯಲ್ಲಿ ಅಡಗುತ್ತದೆ. ಮಂಜು ಕವಿದಿದ್ದರೆ ನೆರಳಿಗೆ ಅಂಚೇ ಸಿಗದು, ಒಂದು ಲೋಟ ಕಾಫಿ ಕುಡಿಯುತ್ತ ಕಾಯಬೇಕು (ಈ ಊರಿನಲ್ಲಿ ಅದೇನೂ ಕಷ್ಟವಲ್ಲ).

ಕಟ್ಟಡಗಳ ರೇಖೆಗಿಂತ ಮುಂಚೆ ನೆರಳಿನ ಅಂಚನ್ನು ಪೆನ್ಸಿಲ್ಲಿನಿಂದ ಗುರುತಿಸಿ, ಅರ್ಧ ಗಂಟೆಯಲ್ಲಿ ಅದು ಗಿಡ್ಡವಾದರೂ ತಿದ್ದದೆ ಮೊದಲ ಗುರುತಿಗೇ ನಿಲ್ಲಿ. ಇಡೀ ಕಾಗದಕ್ಕೆ ತೆಳುವಾದ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಎಳೆದು, ಅದು ಪೂರ್ತಿ ಒಣಗಿದ ಮೇಲೆ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ (ಕೆಂಗಂದು) ಬೆರೆಸಿ ನೆರಳಿನ ಬಣ್ಣ ಮಾಡಿಕೊಳ್ಳಿ. ಕಪ್ಪು ಬಣ್ಣವನ್ನು ಡಬ್ಬಿಯಲ್ಲಿಯೇ ಬಿಡಿ, ಅದು ನೆರಳನ್ನು ರಸ್ತೆಯ ಗುಂಡಿಯಂತೆ ತೋರಿಸುತ್ತದೆ. ಜಲವರ್ಣ ಒಣಗಿದಂತೆ ತಿಳಿಯಾಗುವುದರಿಂದ ಮನಸ್ಸು ಒಪ್ಪುವುದಕ್ಕಿಂತ ಒಂದು ಪಾಲು ಗಾಢವಾಗಿಯೇ ಹಚ್ಚಬೇಕು. ರಸ್ತೆಯಿಂದ ಚರಂಡಿ ದಾಟಿ, ಜಗಲಿಯೇರಿ, ಗೋಡೆ ಹತ್ತುವವರೆಗೆ ನೆರಳನ್ನು ಒಂದೇ ಹಸಿ ಪದರದಲ್ಲಿ ಎಳೆಯಿರಿ. ಅದು ಪ್ರತಿಯೊಂದು ಮಟ್ಟದಲ್ಲಿ ಮುರಿದು ದಿಕ್ಕು ಬದಲಿಸುವುದನ್ನು ಬಿಟ್ಟುಬಿಟ್ಟರೆ ಬೀದಿ ಚಪ್ಪಟೆಯಾಗುತ್ತದೆ. ಅಂಚು ಕಂಬದ ಬುಡದಲ್ಲಿ ಚೂಪಾಗಿದ್ದು, ದೂರ ಹೋದಂತೆ ಮಸುಕಾಗಬೇಕು. ಹಂಚಿನ ಸೂರಿನ ಕೆಳಗೆ, ಬಿಸಿಲು ಬಿದ್ದ ನೆಲದಿಂದ ಮರಳಿದ ಬೆಳಕಿಗಾಗಿ, ಹಸಿ ನೆರಳಿಗೆ ಒಂದು ತೊಟ್ಟು ಬೆಚ್ಚಗಿನ ಕಂದು ಸೇರಿಸಬಹುದು.

ಮನುಷ್ಯ ಬೇಕೇಬೇಕೆಂದರೆ ಕೊನೆಯಲ್ಲಿ ಒಬ್ಬನೇ ಬರಲಿ, ಹಾಲಿನ ಕ್ರೇಟು ಇಳಿಸುತ್ತಿರುವವನು ಸಾಕು. ಮುಖ ಬರೆಯಬೇಡಿ. ಅವನ ನೆರಳು ಕಟ್ಟಡದ ದೊಡ್ಡ ನೆರಳನ್ನು ಮುಟ್ಟದಂತೆ ನೋಡಿಕೊಂಡು, ಎರಡರ ನಡುವೆ ಬಿಸಿಲಿನ ಒಂದು ಸಣ್ಣ ಪಟ್ಟಿಯನ್ನು ನೆರಳಿನ ಬಣ್ಣ ಸೋಕಿಸದೆ ಉಳಿಸಿ.