ಐಬಿಎಸ್ ಅಂದುಕೊಂಡಿದ್ದು ಪರಾವಲಂಬಿಯ ಕಾಟ ಇರಬಹುದಾ? ಪತ್ತೆ ಮಾಡುವುದು ಹೇಗೆ

ತಿಂದ ಕೂಡಲೇ ಹೊಟ್ಟೆ ಗುಡುಗುಡು, ಆಫೀಸಿಗೆ ಹೊರಡುವ ಮುಂಚೆ ನಾಲ್ಕು ಸಲ ಕಕ್ಕಸಿಗೆ ಓಟ, ಸಂಜೆ ಹೊತ್ತಿಗೆ ಹೊಟ್ಟೆ ಉಬ್ಬರ. ಡಾಕ್ಟರು ಐಬಿಎಸ್ ಅಂದಿದ್ದಾರೆ, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಪರೀಕ್ಷೆಯಲ್ಲಿ ಕರುಳಿನಲ್ಲಿ ಏನೂ ಕಾಣದಿದ್ದರೂ ಹೊಟ್ಟೆ ನೋವು, ಭೇದಿ ಅಥವಾ ಮಲಬದ್ಧತೆ ಕಾಡುವ ತೊಂದರೆ. ಮನೆಯಲ್ಲಿ ಹಿರಿಯರು "ಜಂತುಹುಳ ಇರಬೇಕು" ಅನ್ನುತ್ತಾರೆ. ಮೆಡಿಕಲ್ ಸ್ಟೋರಿನವರು ಅಮೀಬಾ ಅಂತ ಹೇಳಿ ಐದು ದಿನದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಇದರಲ್ಲಿ ಯಾವುದು ನಿಜ ಅನ್ನುವುದು ಮಲ ಪರೀಕ್ಷೆ ಸರಿಯಾಗಿ ಮಾಡಿಸದೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಬಹಳ ಜನ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ.

ಪರಾವಲಂಬಿಯಿಂದ, ಅಂದರೆ ನಮ್ಮ ಕರುಳಿನಲ್ಲಿ ಸೇರಿಕೊಂಡು ಬದುಕುವ ಹುಳ, ಅಮೀಬಾದಂಥ ಜೀವಿಗಳಿಂದ, ಐಬಿಎಸ್ ತರಹದ ತೊಂದರೆ ಬರುತ್ತದಾ ಅಂದರೆ, ಹೌದು, ಬರುತ್ತದೆ. ಹಾಗಂತ ಐಬಿಎಸ್ ಇರುವವರಿಗೆಲ್ಲ ಹೊಟ್ಟೆಯಲ್ಲಿ ಹುಳ ಇದೆ ಅಂತಲ್ಲ.

ಮೊದಲು ಅನುಮಾನ ಪಡಬೇಕಾದದ್ದು ಜಿಯಾರ್ಡಿಯಾ. ಇದು ಹುಳ ಅಲ್ಲ, ಕಣ್ಣಿಗೆ ಕಾಣದ ಒಂದೇ ಕೋಶದ ಜೀವಿ. ಡಚ್ಚರ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್ 1681ರಲ್ಲಿ ತನ್ನದೇ ಭೇದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಕಂಡದ್ದು ಇದನ್ನೇ. ಕೆಟ್ಟ ನೀರು ಕುಡಿದ ಒಂದೆರಡು ವಾರಕ್ಕೆ ಶುರುವಾಗುತ್ತದೆ. ಜಿಡ್ಡು ಜಿಡ್ಡಾದ, ತುಂಬಾ ನಾತ ಬರುವ ಮಲ, ಕೊಳೆತ ಮೊಟ್ಟೆಯ ವಾಸನೆಯ ತೇಗು, ಹೊಟ್ಟೆ ಉಬ್ಬರ, ಸುಸ್ತು, ತೂಕ ಇಳಿಯುವುದು ಇದರ ಗುರುತು. ಕೆಲವರಲ್ಲಿ ಬಂದು ಹೋಗಿ ತಿಂಗಳುಗಟ್ಟಲೆ ನಡೆಯುತ್ತದೆ, ಆಗ ನೋಡುವವರಿಗೆ ಐಬಿಎಸ್ ಹಾಗೇ ಕಾಣುತ್ತದೆ.

ಈಗ ನಿಮ್ಮ ಕಥೆಯನ್ನು ನೀವೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವಾಗ ಶುರುವಾಯಿತು? ಅದಕ್ಕೆ ಮುಂಚೆ ಜಾತ್ರೆ, ಮದುವೆ, ಪ್ರವಾಸ, ಸಂಪಿನ ನೀರು ಕೆಟ್ಟದ್ದು, ಜೋರು ಭೇದಿ ಏನಾದರೂ ಇತ್ತಾ? ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೇ ಆಗಿದೆಯಾ? ಐಬಿಎಸ್ ಅನ್ನಬೇಕಾದರೆ ವೈದ್ಯರು ನೋಡುವ ರೋಮ್ 4 ಅಳತೆಗೋಲು ಇದೆ: ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆ ನೋವು ಇರಬೇಕು, ಮಲ ವಿಸರ್ಜನೆ, ಎಷ್ಟು ಸಲ ಹೋಗುತ್ತೀರಿ ಅನ್ನುವುದರಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ, ಈ ಮೂರರಲ್ಲಿ ಎರಡಕ್ಕಾದರೂ ಆ ನೋವಿನ ಜೊತೆ ಸಂಬಂಧ ಇರಬೇಕು, ತೊಂದರೆ ಶುರುವಾಗಿ ಆರು ತಿಂಗಳಾಗಿರಬೇಕು. ನೋವೇ ಇಲ್ಲದೆ ಬರೀ ಭೇದಿ, ಅದೂ ಮೂರು ವಾರದಿಂದ ಅಂದರೆ ಅದಕ್ಕೆ ಇಷ್ಟು ಬೇಗ ಐಬಿಎಸ್ ಅನ್ನುವ ಹಾಗಿಲ್ಲ.

ಮಲದಲ್ಲಿ ರಕ್ತ, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತಹೀನತೆ, 45 ದಾಟಿದ ಮೇಲೆ ಮೊದಲ ಸಲ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ ಓದುವುದನ್ನು ಇಲ್ಲಿಗೇ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಹೀಗೆ ಬರುತ್ತದೆ, ಅದನ್ನು ತಡ ಮಾಡಬಾರದು.

ಇನ್ನು ಪರೀಕ್ಷೆಯ ವಿಷಯ. ಇಲ್ಲೇ ಹೆಚ್ಚು ಕೆಲಸ ಕೆಡುವುದು. ಒಂದೇ ಸಲ ಸ್ಯಾಂಪಲ್ ಕೊಟ್ಟು "ಏನೂ ಇಲ್ಲ" ಅಂತ ಬಂದರೆ ಅದನ್ನು ನಂಬಿ ಕೂರಬೇಡಿ, ಯಾಕೆಂದರೆ ಜಿಯಾರ್ಡಿಯಾದಂಥವು ದಿನವೂ ಮಲದಲ್ಲಿ ಹೊರಬರುವುದಿಲ್ಲ, ಒಂದು ದಿನ ತುಂಬಾ ಬರುತ್ತವೆ, ಇನ್ನೆರಡು ದಿನ ಸುಳಿವೇ ಇರುವುದಿಲ್ಲ. ಒಂದೆರಡು ದಿನ ಬಿಟ್ಟು ಬಿಟ್ಟು ಮೂರು ಸ್ಯಾಂಪಲ್ ಕೊಡಬೇಕು. ಮಾತ್ರೆ ನುಂಗುವ ಮುಂಚೆಯೇ ಕೊಡಬೇಕು. ಆಂಟಿಬಯೋಟಿಕ್ ಆಗಲೇ ತೆಗೆದುಕೊಂಡಿದ್ದರೆ ಎರಡು ಮೂರು ವಾರ ಕಾಯುವುದು ಒಳ್ಳೆಯದು.

ಸ್ಯಾಂಪಲ್ ಕಮೋಡಿನ ನೀರಿನಿಂದ ಎತ್ತಬೇಡಿ, ಮೂತ್ರ ಬೆರೆಯಲು ಬಿಡಬೇಡಿ. ಮೂತ್ರ ತಾಗಿದರೆ ಜೀವಂತ ಅಮೀಬಾ ಸಾಯುತ್ತದೆ, ಕಮೋಡಿನ ನೀರಿನಲ್ಲಿರುವ, ನಿಮ್ಮ ಹೊಟ್ಟೆಗೆ ಸಂಬಂಧವೇ ಇಲ್ಲದ ಜೀವಿಗಳು ಸ್ಯಾಂಪಲಿಗೆ ಸೇರಿಕೊಳ್ಳುತ್ತವೆ. ಒಣಗಿದ ಡಬ್ಬಿಯಲ್ಲೋ ಹಾಸಿದ ಪ್ಲಾಸ್ಟಿಕ್ ಮೇಲೋ ಹಿಡಿದು, ಲೋಳೆ ಇರುವ ಭಾಗವೂ ಬರುವ ಹಾಗೆ ತೆಗೆಯಿರಿ. ನೀರು ನೀರಾಗಿದ್ದರೆ ಅರ್ಧ ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಹಾಗಾಗಿ ಲ್ಯಾಬಿನಲ್ಲೇ ಕೊಡುವುದು ವಾಸಿ. ಬರೀ "ರೊಟೀನ್", ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಮಾಮೂಲಿ ಮಲ ಪರೀಕ್ಷೆ, ಸಾಕಾಗುವುದಿಲ್ಲ. ಜಿಯಾರ್ಡಿಯಾ ಆಂಟಿಜನ್ ಪರೀಕ್ಷೆ (ಆ ಜೀವಿಯ ಪ್ರೊಟೀನ್ ಹುಡುಕುವುದು) ಬೇಕಾ, ಪಿಸಿಆರ್ (ಅದರ ಡಿಎನ್‌ಎ ಹುಡುಕುವುದು) ಬೇಕಾ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಜೊತೆಗೆ ರಕ್ತ ಪರೀಕ್ಷೆ, ಸೀಲಿಯಾಕ್ ಪರೀಕ್ಷೆ (ಗೋಧಿಯ ಗ್ಲುಟೆನ್ ಆಗದ ಕಾಯಿಲೆಗೆ), ಮಲದ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಉರಿಯೂತಕ್ಕೆ) ಮಾಡಿಸಿದರೆ ಬೇರೆ ಕಾಯಿಲೆಗಳ ಅನುಮಾನವೂ ಕಡಿಮೆಯಾಗುತ್ತದೆ. ರಕ್ತದಲ್ಲಿ ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ ಇದ್ದರೆ ಹುಳದ ಕಡೆ ಯೋಚಿಸಬೇಕು. ಆದರೆ ಜಿಯಾರ್ಡಿಯಾ, ಅಮೀಬಾ ಇದ್ದಾಗ ಅದು ಸಾಮಾನ್ಯವಾಗಿ ಏರುವುದಿಲ್ಲ.

ರಿಪೋರ್ಟ್ ಕೈಗೆ ಬಂದ ಮೇಲೆ ಹೆದರುವುದು ಬೇಡ. ಒಂದೆರಡು ಪಸ್ ಸೆಲ್ (ಕೀವಿನ ಕಣ) ಕಂಡರೆ ಅದು ಅಮೀಬಾ ಅಲ್ಲ. "ಎಂಟಮೀಬಾ ಹಿಸ್ಟೋಲಿಟಿಕಾ ಸಿಸ್ಟ್", ಅಂದರೆ ರೋಗ ತರುವ ಅಮೀಬಾದ ಗಟ್ಟಿ ಕವಚದ ರೂಪ, ಅಂತ ಬರೆದಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಂಟಮೀಬಾ ಡಿಸ್ಪಾರ್ ಅನ್ನುವ ಇನ್ನೊಂದು ಇದೆ, ಅದು ಯಾರಿಗೂ ತೊಂದರೆ ಮಾಡುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಇವೆರಡರ ಸಿಸ್ಟ್ ಒಂದೇ ತರಹ ಕಾಣುತ್ತವೆ. ಬೇರ್ಪಡಿಸಲು ಆಂಟಿಜನ್ ಅಥವಾ ಪಿಸಿಆರ್ ಬೇಕು. ಎಷ್ಟೋ ಜನ ವರ್ಷಗಟ್ಟಲೆ "ಹಳೇ ಅಮೀಬಾ" ಅನ್ನುವ ಹಣೆಪಟ್ಟಿ ಹೊತ್ತು ಓಡಾಡುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಇನ್ನು ಬ್ಲಾಸ್ಟೋಸಿಸ್ಟಿಸ್ ಅನ್ನುವ ಇನ್ನೊಂದು ಒಂದೇ ಕೋಶದ ಜೀವಿ. ಇದು ಆರೋಗ್ಯವಾಗಿರುವವರ ಹೊಟ್ಟೆಯಲ್ಲೂ ಧಾರಾಳವಾಗಿ ಸಿಗುತ್ತದೆ, ರೋಗ ತರುತ್ತದೋ ಇಲ್ಲವೋ ಅನ್ನುವ ವಾದ ಇನ್ನೂ ಮುಗಿದಿಲ್ಲ. ಬೇರೆ ಕಾರಣ ಎಲ್ಲಾ ನೋಡಿ ಆದ ಮೇಲೆ ಮಾತ್ರ ಅದರ ಕಡೆ ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಸುಮ್ನೆ ಮಾತ್ರೆ ನುಂಗಿ ನೋಡಿದರೆ ಏನಾಗುತ್ತದೆ ಅಂತ ಕೇಳಬಹುದು. ಆಲ್ಬೆಂಡಜೋಲ್ ಒಂದು ಮಾತ್ರೆ, ಅಂದರೆ 2015ರಿಂದ ಫೆಬ್ರವರಿ 10ರ ಜಂತುಹುಳ ನಿವಾರಣಾ ದಿನಕ್ಕೆ ಶಾಲೆ, ಅಂಗನವಾಡಿಯಲ್ಲಿ ಮಕ್ಕಳಿಗೆ ಕೊಡುವಂಥದ್ದು, ದುಂಡು ಹುಳ, ಕೊಕ್ಕೆ ಹುಳಕ್ಕೆ ಕೆಲಸ ಮಾಡುತ್ತದೆ. ಅಮೀಬಾಕ್ಕೆ ಅದು ಔಷಧಿಯಲ್ಲ, ಆ ಒಂದೇ ಮಾತ್ರೆಯಿಂದ ಜಿಯಾರ್ಡಿಯಾವೂ ಹೋಗುವುದಿಲ್ಲ. ಜಿಯಾರ್ಡಿಯಾ, ಅಮೀಬಾಗಳಿಗೆ ಟಿನಿಡಜೋಲ್, ಮೆಟ್ರೊನಿಡಜೋಲ್ ತರಹದವು ಬೇಕು. ನಿಜವಾದ ಹಿಸ್ಟೋಲಿಟಿಕಾ ಇದ್ದರೆ ಅದಾದ ಮೇಲೆ ಕರುಳಿನೊಳಗಿನ ಸಿಸ್ಟ್ ಕೊಲ್ಲಲು ಡೈಲಾಕ್ಸನೈಡ್ ತರಹದ ಇನ್ನೊಂದು ಔಷಧಿಯೂ ಬೇಕು. ಬಹಳ ಜನ ಆ ಎರಡನೆಯದನ್ನು ತೆಗೆದುಕೊಳ್ಳುವುದೇ ಇಲ್ಲ.

ಇನ್ನೊಂದು ಮಾತು. ಮೆಟ್ರೊನಿಡಜೋಲ್ ನುಂಗಿದ ನಾಲ್ಕು ದಿನ ಹೊಟ್ಟೆ ಆರಾಮ ಅನ್ನಿಸಿದರೆ ಅದರಿಂದ ಅಮೀಬಾ ಇತ್ತು ಅಂತ ಸಾಬೀತಾಗುವುದಿಲ್ಲ. ಅದು ಕರುಳಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಐಬಿಎಸ್ ತಾನಾಗಿಯೇ ಏರಿ ಇಳಿಯುತ್ತದೆ. ಪದೇ ಪದೇ ತಿಂಗಳುಗಟ್ಟಲೆ ನುಂಗಿದರೆ ಕೈಕಾಲು ಜೋಮು ಹಿಡಿಯುವ ನರದ ತೊಂದರೆ ಬರಬಹುದು.

ಬರಿಗಾಲಲ್ಲಿ ಗದ್ದೆ, ತೋಟದಲ್ಲಿ ಕೆಲಸ ಮಾಡಿದವರು ಸ್ಟ್ರಾಂಜಿಲಾಯ್ಡಿಸ್ ಅನ್ನುವ ಹುಳದ ಹೆಸರು ನೆನಪಿಡಿ. ಚರ್ಮದ ಮೂಲಕ ಒಳಹೋಗಿ ದಶಕಗಟ್ಟಲೆ ದೇಹದಲ್ಲೇ ಉಳಿಯಬಲ್ಲದು, ಮಲ ಪರೀಕ್ಷೆಯಲ್ಲಿ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ, ರಕ್ತದ ಆಂಟಿಬಾಡಿ ಪರೀಕ್ಷೆ ಹೆಚ್ಚು ನೆರವಾಗುತ್ತದೆ. ಇದು ಇರುವಾಗ ಸ್ಟೀರಾಯ್ಡ್ ಕೊಟ್ಟರೆ ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತು ಬರಬಹುದು. ಹಾಗಾಗಿ ಯಾವ ಕಾಯಿಲೆಗೇ ಆಗಲಿ ಸ್ಟೀರಾಯ್ಡ್ ಶುರು ಮಾಡುವ ಮುಂಚೆ ನಿಮ್ಮ ತೋಟದ ಕೆಲಸದ ವಿಷಯ ಡಾಕ್ಟರಿಗೆ ಹೇಳಿ. ಹೊರದೇಶದಲ್ಲಿ ಇರುವವರೂ ಊರಿಗೆ ಬಂದು ಹೋದದ್ದನ್ನು ಅಲ್ಲಿನ ಡಾಕ್ಟರಿಗೆ ತಿಳಿಸಬೇಕು, ಅವರಿಗೆ ತಾವಾಗಿ ಹೊಳೆಯದೆ ಹೋಗಬಹುದು.

ಪರಾವಲಂಬಿ ಸಿಕ್ಕಿತು, ಔಷಧಿ ಆಯಿತು, ಮರುಪರೀಕ್ಷೆಯೂ ಸರಿ ಬಂತು, ಆದರೂ ಹೊಟ್ಟೆ ಸರಿಹೋಗಲಿಲ್ಲ ಅಂದರೆ? ಇದು ನಿಜಕ್ಕೂ ಆಗುತ್ತದೆ. ನಾರ್ವೆಯ ಬರ್ಗೆನ್ ನಗರದಲ್ಲಿ 2004ರಲ್ಲಿ ಕುಡಿಯುವ ನೀರಿಗೆ ಜಿಯಾರ್ಡಿಯಾ ಸೇರಿ, ಲ್ಯಾಬಿನಲ್ಲಿ ಖಚಿತವಾದವರೇ 1,200ಕ್ಕೂ ಹೆಚ್ಚು. ಮೂರು ವರ್ಷದ ನಂತರ ಅವರನ್ನು ಕೇಳಿದಾಗ ಸುಮಾರು 46%ರಷ್ಟು ಜನರಿಗೆ ಐಬಿಎಸ್ ಇತ್ತು, ಸೋಂಕು ಬರದವರಲ್ಲಿ ಅದು 14%. ಹತ್ತು ವರ್ಷವಾದರೂ ಅಂತರ ಹೆಚ್ಚು ಕಡಿಮೆ ಹಾಗೇ ಉಳಿದಿತ್ತು. ಅಂದರೆ ಸೋಂಕು ಹೋದ ಮೇಲೂ ಕರುಳು ಸೂಕ್ಷ್ಮವಾಗಿ ಉಳಿಯಬಹುದು. ಇಂಥವರಿಗೆ ಇನ್ನೊಂದು ಕೋರ್ಸ್ ಮಾತ್ರೆಯಿಂದ ಉಪಯೋಗವಿಲ್ಲ, ಐಬಿಎಸ್‌ಗೆ ಮಾಡುವ ಆರೈಕೆಯೇ ಬೇಕು. ಮೊದಲು ಎರಡು ವಾರ ಹಾಲು ಬಿಟ್ಟು ನೋಡಿ, ಜಿಯಾರ್ಡಿಯಾ ಆದ ಮೇಲೆ ಕೆಲವು ವಾರ ಹಾಲು ಜೀರ್ಣವಾಗದಿರುವುದು ಸಾಮಾನ್ಯ. ಮಜ್ಜಿಗೆ ಬಹಳ ಜನಕ್ಕೆ ಒಗ್ಗುತ್ತದೆ. ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳುಗಳನ್ನು ಒಂದು ತಿಂಗಳು ಕಡಿಮೆ ಮಾಡಿ, ಮತ್ತೆ ಒಂದೊಂದಾಗಿ ಸೇರಿಸುತ್ತಾ ಯಾವುದು ಆಗುವುದಿಲ್ಲ ನೋಡಿ. ಜೀವನಪೂರ್ತಿ ಬಿಡುವ ಅಗತ್ಯವಿಲ್ಲ. ಇಸಬ್‌ಗೋಲನ್ನು ಸ್ವಲ್ಪದಿಂದ ಶುರು ಮಾಡಿ.

ಮನೆಯಲ್ಲಿ ಒಬ್ಬರಿಗೆ ಜಿಯಾರ್ಡಿಯಾ ಬಂದಿದ್ದರೆ ಉಳಿದವರನ್ನೂ ಗಮನಿಸಿ, ಹತ್ತು ಸಿಸ್ಟ್ ಹೊಟ್ಟೆಗೆ ಹೋದರೂ ಸಾಕು, ಸೋಂಕು ತಗಲುತ್ತದೆ. ಕ್ಲೋರಿನ್‌ಗೆ ಅದು ಸುಲಭವಾಗಿ ಸಾಯುವುದಿಲ್ಲ, ಹ್ಯಾಂಡ್ ಸ್ಯಾನಿಟೈಸರನ್ನೂ ನಂಬಬೇಡಿ, ಸೋಪು ಹಾಕಿ ಕೈ ತೊಳೆಯಿರಿ. ಕುಡಿಯುವ ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಬೇಕು. ಸಂಪಿನ ಪಕ್ಕದಲ್ಲೇ ಒಳಚರಂಡಿ ಪೈಪು ಹಾದುಹೋಗಿದ್ದರೆ ಪ್ಲಂಬರನ್ನು ಕರೆಸಿ ಸೋರಿಕೆ ಇದೆಯಾ ನೋಡಿಸಿ, ಇಲ್ಲದಿದ್ದರೆ ಔಷಧಿ ಮುಗಿದ ತಿಂಗಳಿಗೆ ಮತ್ತೆ ಅದೇ ಸೋಂಕು ಬರಬಹುದು.