ಪಾಳುಬಿದ್ದ ಕಲ್ಲು ಕ್ವಾರಿಯನ್ನು ನೋಡುವುದು ಹೇಗೆ?

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸಿಗುವುದು ಹೆಚ್ಚಾಗಿ ಗ್ರಾನೈಟ್ ಕ್ವಾರಿಗಳೇ. ಮೊದಲು ಪಹಣಿಯಲ್ಲಿ ಜಾಗ ಯಾರದೆಂದು ನೋಡಿ. ಗುತ್ತಿಗೆ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಪಡೆದೇ ಹೋಗಿ. ಕನಿಷ್ಠ ಮೂವರಿರಲಿ; ಹೆಲ್ಮೆಟ್, ಗಟ್ಟಿ ಬೂಟು ಕಡ್ಡಾಯ. ಮಳೆಗಾಲ ಬೇಡ.

ಅಂಚಿನಿಂದ 3 ಮೀಟರ್ ದೂರವಿರಿ. ಸಿಡಿಮದ್ದಿನ ಬಿರುಕು ಬಂಡೆಯ ಹಿಂದಕ್ಕೂ ಹರಿದಿರುತ್ತದೆ, ಮೇಲಿನ ಮಣ್ಣು ಅದನ್ನು ಮುಚ್ಚಿರುತ್ತದೆ. ನೀರು ತುಂಬಿದ ಹೊಂಡಕ್ಕಂತೂ ಇಳಿಯಲೇಬೇಡಿ: ಇದು ಕೆರೆಯಲ್ಲ, ಇಳಿಜಾರು ದಡವಿಲ್ಲ, ಒಂದು ಹೆಜ್ಜೆ ತಪ್ಪಿದರೆ ನೇರ ಆಳ.

ನೋಡಬೇಕಾದದ್ದು ಬಂಡೆಯ ಮುಖ. ಅರ್ಧ ಸೀಳಿದ ಕೊಳವೆಯಂಥ ಗೀರುಗಳು ಜಾಕ್‌ಹ್ಯಾಮರ್ ಕೊರೆದ ರಂಧ್ರಗಳದ್ದು, ಅಗಲ ಸುಮಾರು 32 ಮಿ.ಮೀ. ಸಾಲಾಗಿ ಪುಟ್ಟ ಕುಳಿಗಳಿದ್ದರೆ ಉಳಿ ಹೊಡೆದು ಬೆಣೆ ಇಟ್ಟು ಸೀಳಿದ ಕೈಕೆಲಸ. ಗೋಡೆಯಂತೆ ನುಣುಪಾಗಿದ್ದರೆ ವೈರ್ ಸಾ (ತಂತಿ ಗರಗಸ) ಕೊಯ್ದದ್ದು. ಮೂರೂ ಒಂದೇ ಕಡೆ ಸಿಕ್ಕರೆ ಅದೃಷ್ಟ!

ಕ್ರಷರ್ (ಕಲ್ಲು ಪುಡಿಮಾಡಿ ಜಲ್ಲಿ ಮಾಡುವ ಯಂತ್ರ) ಇದ್ದರೆ ಇಳಿಜಾರಿನಲ್ಲೇ ಹುಡುಕಿ: ಲಾರಿ ಮೇಲಿಂದ ಸುರಿದ ಕಲ್ಲು ತನ್ನ ಭಾರಕ್ಕೇ ಯಂತ್ರದ ದವಡೆಗೆ ಬೀಳಲೆಂದು ಹಾಗೆ ಕಟ್ಟುತ್ತಾರೆ. ತುಕ್ಕು ಹಿಡಿದ ತಗಡು, ಏಣಿ ಹತ್ತಬೇಡಿ. ಅಲ್ಲಿನ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ, ಎನ್‌95 ಮಾಸ್ಕ್ ಹಾಕಿ.

ಎರಡು ವೈರ್ ಅಂಟಿದ ಬೆರಳುದ್ದದ ಲೋಹದ ಕೊಳವೆ ಕಂಡರೆ ಅದು ಡಿಟೋನೇಟರ್, ಅಂದರೆ ಸಿಡಿಮದ್ದಿಗೆ ಕಿಡಿ ಕೊಡುವ ಸಾಧನ. ಮುಟ್ಟದೆ, ಬಂದ ದಾರಿಯಲ್ಲೇ ಹಿಂತಿರುಗಿ, ದೂರ ಹೋದ ಮೇಲೆ 112ಕ್ಕೆ ಕರೆ ಮಾಡಿ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಕ್ವಾರಿಯ ಸಿಡಿಮದ್ದು ಜಿಲೆಟಿನ್ ಸಿಡಿದು 6 ಮಂದಿ ಸತ್ತಿದ್ದಾರೆ.