ಒಂದು ಗೋಡೆ ಮಕ್ಕಳಿಗೆ ಬರೆದುಕೊಟ್ಟೆ

ಆ ಒಂದನ್ನು ಬಿಟ್ಟರೆ ನಮ್ಮ ಮನೆಯ ಗೋಡೆಗಳ ಮೇಲೆ ಹೊಸ ಗೀಟು ಬೀಳದೆ ಹತ್ತಿರ ಹತ್ತಿರ 8 ತಿಂಗಳಾಯಿತು. ಮಗಳಿಗೆ 5 ವರ್ಷ, ಮಗನಿಗೆ ಮೂರೂವರೆ. ಈ ವಯಸ್ಸಿನ ಮಕ್ಕಳಿರುವವರಿಗೆ ಇದು ಎಂಥ ಮಾತು ಅಂತ ಬಿಡಿಸಿ ಹೇಳಬೇಕಿಲ್ಲ.

ಮಾಡಿದ್ದು ಇಷ್ಟೇ. ಜಗಲಿಯ ಒಂದು ಗೋಡೆಯನ್ನು ಅವರಿಗೇ ಬಿಟ್ಟು, ಸುಣ್ಣ ಬಳಿದೆ. ಅವರು ಬರೆದು ತುಂಬಿಸುತ್ತಾರೆ, ನಾನು ಮತ್ತೆ ಬಳಿಯುತ್ತೇನೆ. ಮೊದಲು ಹೇಳಿದಾಗ ಅತ್ತೆ, "ಒಂದು ಗೋಡೆ ಕೊಟ್ರೆ ಇಡೀ ಮನೆ ಬರೆದುಕೊಟ್ಟ ಹಾಗೇ ಮಾರಾಯ್ತಿ" ಅಂದಿದ್ದರು. ಇವರು ಏನೂ ಹೇಳದೆ ತೋಟಕ್ಕೆ ಹೋದರು.

ಅದಕ್ಕೂ ಮೊದಲು ಸುರಿದ ದುಡ್ಡು ಕಮ್ಮಿಯಲ್ಲ. ಒರೆಸಿದರೆ ಹೋಗುತ್ತದೆ ಅನ್ನುವ ದುಬಾರಿ ಪೇಂಟಿಗೆ ಕೂಲಿ ಸೇರಿ ಸುಮಾರು 14,000 ಆಯಿತು. ಕ್ರೆಯಾನ್ ಹೋಯಿತು, ನಿಜ. ಆದರೆ ಮಗ ಬಚ್ಚಲೊಲೆಯಿಂದ ಇದ್ದಿಲು ತಂದ. ಅದು ಒರೆಸಿದಷ್ಟೂ ಹರಡಿತು. ಆಮೇಲೆ ಗೋಡೆಗೆ ಅಂಟಿಸುವ ಬಿಳಿ ಶೀಟ್, ಸಾವಿರದ ಚಿಲ್ಲರೆ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈ ಮುಗಿಯುವುದರೊಳಗೆ ಶೀಟ್ ಸುರುಳಿ ಸುತ್ತಿಕೊಂಡಿತು. ಹಿಂದೆಲ್ಲ ಬೂಷ್ಟು.

ಬಣ್ಣಗಳನ್ನೆಲ್ಲ ಅಟ್ಟಕ್ಕೆ ಹಾಕಿಯೂ ನೋಡಿದೆ. ಮಗ ದೇವರ ಕೋಣೆಯ ಕುಂಕುಮ ಹುಡುಕಿಕೊಂಡ. ಮಧ್ಯಾಹ್ನ ಮಲಗಿದ್ದ ಅಜ್ಜನ ಬೋಳು ತಲೆಯ ಮೇಲೆ ಬಸ್ಸು ಬರೆದ. ಮಾವನವರು ಗೊತ್ತಿಲ್ಲದೆ ಹಾಗೇ ಪೇಟೆಗೆ ಹೋಗಿ ಬಂದರು. ಸಂಜೆ ಕನ್ನಡಿ ನೋಡಿದ ಮೇಲೆ ಮನೆಯವರೆಲ್ಲ ನಕ್ಕು ನಕ್ಕು ಸುಸ್ತಾದೆವು, ಎಲ್ಲರಿಗಿಂತ ಜಾಸ್ತಿ ನಕ್ಕವರು ಅವರೇ. ಸ್ಲೇಟು, ಕಾಗದ ಐದು ನಿಮಿಷಕ್ಕೆ ಬೇಜಾರು. ಮಕ್ಕಳಿಗೆ ನಿಂತು, ಕೈ ಪೂರ್ತಿ ಬೀಸಿ ಬರೆಯಬೇಕು. ಅಷ್ಟು ಜಾಗ ಇರುವುದು ಗೋಡೆಯಲ್ಲಿ ಮಾತ್ರ ಅಲ್ವಾ?

ಸುಣ್ಣವೂ ಮೊದಲ ಸಲ ಕೈಕೊಟ್ಟಿತು. ಆ ಪೇಂಟಿನ ಮೇಲೇ ಬಳಿದಿದ್ದೆ. ಪ್ಲಾಸ್ಟಿಕ್ ಪೇಂಟ್ ನೀರು ಕುಡಿಯುವುದಿಲ್ಲ, ಸುಣ್ಣ ಹಿಡಿಯಲಿಲ್ಲ. ವಾರದಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ನಾಲ್ಕು ಅಡಿ ಎತ್ತರ, ಒಂಬತ್ತು ಅಡಿ ಉದ್ದ, ಅಷ್ಟನ್ನೂ ತಂತಿ ಬ್ರಷ್‌ನಲ್ಲಿ ಗಾರೆ ಕಾಣುವವರೆಗೆ ಕೆರೆಸಿದೆ. ಎರಡು ಆಳಿನ ಕೂಲಿ, 1,500ರ ಹತ್ತಿರ. ದುಡ್ಡು ಕೊಟ್ಟು ಹಚ್ಚಿಸಿದ್ದನ್ನು ದುಡ್ಡು ಕೊಟ್ಟು ಕೆರೆಸುವಾಗ ಹೊಟ್ಟೆ ಉರಿಯಿತು. ಎರಡನೇ ಸಲ ಗೋಡೆಗೆ ನಿಂತಿತು, ಆದರೆ ಬಟ್ಟೆಗೆ ಪುಡಿ ಹತ್ತುತ್ತಿತ್ತು. ಗಂಜಿತಿಳಿ ಸೇರಿಸಿದೆ, ಬೂಷ್ಟು ಹಿಡಿಯಿತು. ಈಗ ಹಾಕುವ ಅಂಟು ಬೇರೆ. ಅದೇನು, ಎಷ್ಟು ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಮೂರು ತಿಂಗಳು ಒದ್ದಾಡಿ ಕಂಡುಕೊಂಡದ್ದು.

15 ದಿನಕ್ಕೊಮ್ಮೆ ತೆಳ್ಳಗೆ ಎರಡು ಕೈ ಬಳಿಯುತ್ತೇನೆ. ಐದು ಕೆಜಿ ಸುಣ್ಣ, ಸುಮಾರು 150 ರೂಪಾಯಿ, ಮೂರು ನಾಲ್ಕು ಸಲಕ್ಕೆ ಸಾಕು. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಹಸಿ ಸುಣ್ಣದ ಹತ್ತಿರ ಮಕ್ಕಳು ಬರಲೇಬಾರದು. ಕಣ್ಣಿಗೆ ಬಿದ್ದರೆ ಕಣ್ಣೇ ಸುಡುತ್ತದೆ. ಅವರು ಮಲಗಿದ ಮೇಲೆ ಬಳಿದು, ಬಕೆಟ್ ಅಟ್ಟಕ್ಕೆ ಹಾಕಿ, ಪೂರ್ತಿ ಒಣಗುವ ತನಕ ಬೆಂಚು ಅಡ್ಡ ಇಡುತ್ತೇನೆ. ಬೇರೆ ಗೋಡೆಗೆ ಕೈ ಹಾಕಿದರೆ ಅವರೇ ಒರೆಸಬೇಕು. ಮೊದಲ ವಾರ ಮೂರು ಸಲ ಒರೆಸಿದರು, ಆಮೇಲೆ ಇಲ್ಲ.

ಬಣ್ಣ ಕೊಳ್ಳುವುದನ್ನೂ ಬಿಟ್ಟೆ. ಸಾಗರ, ಸೊರಬದ ಕಡೆ ದೀವರ ಸಮುದಾಯದವರ ಮನೆಗಳಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರಲ್ಲ, ಕೆಮ್ಮಣ್ಣು, ಅಕ್ಕಿಹಿಟ್ಟು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅದನ್ನೇ ನೋಡಿ ಶುರು ಮಾಡಿದೆ. ಬಣ್ಣ ಇಡಲು ಅಡಿಕೆ ಹಾಳೆ. ಗುರಿಗೆ ಸಿಗಲಿಲ್ಲ, ಅರಿಶಿನ ಕಲಸಿ ಕೊಟ್ಟೆ. ಬಳಿದು ಎರಡು ದಿನವಾದ ಗೋಡೆಯ ಮೇಲೆ ಮಗಳು ಹಳದಿ ಸೂರ್ಯ ಬರೆದಳು. ನೋಡನೋಡುತ್ತಲೇ ಕೆಂಪಾಯಿತು. ಅರಿಶಿನಕ್ಕೆ ಸುಣ್ಣ ಸೇರಿದರೆ ಓಕುಳಿ ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿರಲಿಲ್ಲ. "ಅಮ್ಮಾ, ಸೂರ್ಯಂಗೆ ಸಿಟ್ಟು ಬಂತು!" ಅಂತ ಕೂಗಿದಳು. 12 ದಿನ ಕಳೆದ ಗೋಡೆಯಲ್ಲಿ ಹಳದಿ ಹಳದಿಯಾಗಿಯೇ ಉಳಿಯಿತು. ಈಗ ಅವಳು ಅರಿಶಿನ ಹಚ್ಚಿ ನೋಡಿ ಗೋಡೆ ಹೊಸತೋ ಹಳತೋ ಹೇಳುತ್ತಾಳೆ. ಬಸಳೆ ಹಣ್ಣಿನ ರಸವೂ ಚೆಂದ ನೇರಳೆ, ಆದರೆ ಬೇಗ ಮಾಸುತ್ತದೆ. ಮಗ ಅದನ್ನು ಬಿಳಿ ಕರುವಿಗೂ ಹಚ್ಚಿದ್ದ. ಹಸು ನೆಕ್ಕಿ ನೆಕ್ಕಿ ತೆಗೆಯಿತು.

ಈ ಮಳೆಗಾಲದಲ್ಲಿ ಮಾತ್ರ ಸಿಕ್ಕಿಬಿದ್ದೆ. ಜಗಲಿಯ ಗೋಡೆ ನಾಲ್ಕು ದಿನವಾದರೂ ಒಣಗಲಿಲ್ಲ. ಮಕ್ಕಳು ಬೆಂಚಿನ ಈಚೆ ಕುಂಚ ಹಿಡಿದು ಕೂತಿದ್ದರು, ನೋಡಲಾಗಲಿಲ್ಲ. ಆಗ ಬಚ್ಚಲೊಲೆಯ ಬೆನ್ನಿನ ಗೋಡೆ ನೆನಪಾಯಿತು. ಒಲೆ ಆ ಕಡೆ, ಗೋಡೆಯ ಈ ಕಡೆ ಒಳಗಿನ ನಡೆ. ಹಂಡೆಗೆ ದಿನಾ ಬೆಂಕಿ ಇರುವುದರಿಂದ ಬೆಚ್ಚಗೇ ಇರುತ್ತದೆ. ಅಲ್ಲೂ ಕೆರೆದು ಬಳಿದೆ. ಮರುದಿನ ಸಂಜೆಗೆ ಒಣಗಿತು. ಅಗಲ ಐದೇ ಅಡಿ, ಇಬ್ಬರಿಗೂ ಜಗಳ ಶುರುವಾಯಿತು. ನಾನು ಹೋಗುವಷ್ಟರಲ್ಲಿ ಅತ್ತೆ ಇದ್ದಿಲು ತಂದು ಮಧ್ಯೆ ಗೆರೆ ಎಳೆದಿದ್ದರು. ಮಗನ ಪಾಲಿನಲ್ಲಿ ಒಂದು ಬಸ್ಸನ್ನೂ ಅವರೇ ಬರೆದುಕೊಟ್ಟರು.